ಎಡಗಾಲಿನ ಕಿಕ್ಕರ್

ಯೆಜ್ಡಿ ಬೈಕಿನ ಕಿಕ್ಕರ್ ಎಡಗಡೆ ಇರುತ್ತದೆ. ಬೇರೆ ಬೈಕುಗಳನ್ನು ಬಲಗಾಲಿನಿಂದ ಒದ್ದು ಅಭ್ಯಾಸವಾದವರು ಮೊದಲ ಸಲ ಯೆಜ್ಡಿ ಹತ್ತಿದಾಗ ಬಲಬದಿಯಲ್ಲಿ ಕಾಲಾಡಿಸಿ ಹುಡುಕುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಪ್ಪನಿಗೆ ಅದೊಂದು ತಮಾಷೆ. ಅವರು ನಗುತ್ತಾ ಬಂದು ಎಡಬದಿಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ, "ಇದುವೇ ಕಿಕ್ಕರ್" ಎಂದು ತೋರಿಸುತ್ತಿದ್ದರು. ಎಂಜಿನ್ ಹೊತ್ತಿಕೊಂಡ ಮೇಲೆ ಅದನ್ನು ಮುಂದಕ್ಕೆ ಮಡಚಿದರೆ ಮತ್ತೆ ಗೇರ್ ಲಿವರ್. ಒಂದೇ ಕಬ್ಬಿಣದ ತುಂಡಿಗೆ ಎರಡು ಕೆಲಸ. ಈ 'ಎಡಗಡೆ' ಎಂಬ ಸಣ್ಣ ಸಂಗತಿ ನಮ್ಮ ಮನೆಯಲ್ಲಿ ಎಷ್ಟು ದೊಡ್ಡದಾಗಿ ಬೆಳೆದಿತ್ತು ಎಂಬುದು ನನಗೆ ಗೊತ್ತಾದದ್ದು 2024ರ ಜೂನ್‌ನಲ್ಲಿ.

ನಮ್ಮ ಊರು ಜಾಲ್ಸೂರು. ಪುತ್ತೂರು ದಾಟಿ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ, ಸುಳ್ಯಕ್ಕೆ ಏಳೆಂಟು ಕಿಲೋಮೀಟರ್ ಇರುವಾಗ, ಬಲಕ್ಕೆ ಕಾಸರಗೋಡಿನ ರಸ್ತೆ ಕವಲೊಡೆಯುವ ಸಣ್ಣ ಪೇಟೆ. ಅಲ್ಲಿಂದ ಒಳಗೆ ಹೋದರೆ ಒಂದು ಏರು, ಒಂದು ತಿರುವು, ಆಮೇಲೆ ನಮ್ಮ ಅಡಿಕೆ ತೋಟ, ಅದರ ಮೇಲೆ ಸ್ವಲ್ಪ ರಬ್ಬರ್. ಅಪ್ಪ 1993ರಲ್ಲಿ ಸುಳ್ಯದ ಒಬ್ಬರಿಂದ ಸೆಕೆಂಡ್ ಹ್ಯಾಂಡಾಗಿ ಕೊಂಡ 1989ರ ಯೆಜ್ಡಿ ರೋಡ್‌ಕಿಂಗ್ ಆ ಏರಿನಲ್ಲಿ ಹೊರದ ವಸ್ತುವಿಲ್ಲ. ಬೆಳಿಗ್ಗೆ ಹಾಲಿನ ಕ್ಯಾನು ಸೊಸೈಟಿಗೆ, ಮಧ್ಯಾಹ್ನ ಚಾಲಿ ಅಡಿಕೆಯ ಗೋಣಿ ಸುಳ್ಯಕ್ಕೆ, ಮಳೆಗಾಲಕ್ಕೆ ಮುಂಚೆ ಮೈಲುತುತ್ತು ಮತ್ತು ಸುಣ್ಣ, ಜೂನ್ ತಿಂಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು, ನನ್ನ ಬೆನ್ನಿಗೆ ಶಾಲೆಯ ಚೀಲ. ಯೆಜ್ಡಿಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಗೇರ್ ಲಿವರನ್ನು ಒತ್ತಿದಾಗ ಅದೇ ಕ್ಲಚ್ಚನ್ನೂ ಬಿಡಿಸುವ ವ್ಯವಸ್ಥೆ ಒಳಗೆ ಇದೆ. ಹಾಗಾಗಿ ಅಪ್ಪ ಎಡಗೈಯಲ್ಲಿ ಕೊಡೆ ಹಿಡಿದುಕೊಂಡೇ ಮಳೆಯಲ್ಲಿ ಹೋಗುತ್ತಿದ್ದರು. ಯಾರೂ ಅನುಕರಿಸಬಾರದ ವಿದ್ಯೆ ಅದು, ಆದರೆ ಊರಿನಲ್ಲಿ ಅವರಿಗೆ 'ಯೆಜ್ಡಿ ಗೌಡ್ರು' ಎಂಬ ಹೆಸರು ಬಂದದ್ದು ಆ ಕೊಡೆಯಿಂದ.

ನಾನು ಮೈಸೂರಿನಲ್ಲಿ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಗ್ರಂಥಸಂಪಾದನೆ ನನ್ನ ವಿಷಯ. ಆ ಮೇ ತಿಂಗಳಲ್ಲಿ ಬಹಳ ದಿನಗಳಿಂದ ಬಾಕಿಯಿದ್ದ ಶಿಷ್ಯವೇತನ ಒಮ್ಮೆಗೇ ಬಂತು. ಸಾಲಗಳನ್ನು ತೀರಿಸಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಹೆಚ್ಚು ಉಳಿಯಿತು. ನನ್ನ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನದೇ ಎನ್ನುವ ಅಷ್ಟು ಹಣವನ್ನು ನಾನು ಕಂಡಿರಲಿಲ್ಲ. ಅದೇ ವರ್ಷ ಮನೆಯ ಯೆಜ್ಡಿಯ ನೋಂದಣಿಯ ಅವಧಿಯೂ ಮುಗಿಯುವುದಿತ್ತು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಬೈಕಿಗೆ ಅದರ ಶುಲ್ಕ 300 ರೂಪಾಯಿಯಿಂದ 1000ಕ್ಕೆ ಏರಿತ್ತು. ಅದರ ಮೇಲೆ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿಯನ್ನು ಪುತ್ತೂರಿನ ಆರ್‌ಟಿಒ ಕಚೇರಿಯವರೆಗೆ ಓಡಿಸಿಕೊಂಡು ಹೋಗಿ ತೋರಿಸಬೇಕು. ಈ ನಡುವೆ ಬೆಂಗಳೂರಿನ ಪರಿಚಯದವರೊಬ್ಬರು ನಮ್ಮ ಬೈಕಿನ ಫೋಟೊ ನೋಡಿ, ಇದ್ದ ಸ್ಥಿತಿಯಲ್ಲೇ 80 ಸಾವಿರ ಕೊಡುವುದಾಗಿ ಹೇಳಿದರು.

ಲೆಕ್ಕ ತಾನಾಗಿಯೇ ಕೂಡಿಬಂತು. ಹಳೆಯ ಯೆಜ್ಡಿ ಮಾರಿದರೆ ಹೊಸ ಯೆಜ್ಡಿ ಕೊಳ್ಳಬಹುದು.

ಹೊಸ ಯೆಜ್ಡಿ ಎಂದರೆ ಏನು ಎಂದು ತಿಳಿಯದವರಿಗೆ ಸ್ವಲ್ಪ ಇತಿಹಾಸ ಹೇಳಬೇಕು. ಜೆಕ್ ದೇಶದ ಜಾವಾ ಕಂಪನಿಯ ಪರವಾನಗಿ ಪಡೆದು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅಲ್ಲಿಂದ ಬೈಕುಗಳು ಹೊರಬರತೊಡಗಿದವು. ಜಾವಾ ಎಂಬ ಹೆಸರೇ ಒಂದು ಸಮಾಸ. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲ ಎರಡು ಅಕ್ಷರಗಳೂ ವಾಂಡರರ್ ಎಂಬ ಜರ್ಮನ್ ಬೈಕಿನ ಮೊದಲ ಎರಡು ಅಕ್ಷರಗಳೂ ಸೇರಿ 1929ರಲ್ಲಿ ಆದದ್ದು. 1973ರಿಂದ ಮೈಸೂರಿನ ಬೈಕುಗಳ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಪಟ್ಟಣದ ಹೆಸರು ಅದು. ಹೀಗೆ ಇರಾನಿನ ಊರಿನ ಹೆಸರು, ಜೆಕ್ ಎಂಜಿನ್, ಮೈಸೂರಿನ ಕಾರ್ಮಿಕರ ಕೈ, ಜಾಲ್ಸೂರಿನ ಅಡಿಕೆಯ ಗೋಣಿ ಎಲ್ಲ ಒಂದೇ ಚೌಕಟ್ಟಿನ ಮೇಲೆ ಕೂತವು.

ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ನಾನು ಹುಟ್ಟಿದ ವರ್ಷ. ಕಾರಣಗಳು ಹಲವು. 1980ರ ದಶಕದ ನಡುವಿನಿಂದ ಜಪಾನಿನ ಕಂಪನಿಗಳ ಜತೆಗೂಡಿ ತಯಾರಾದ 100 ಸಿಸಿ ಬೈಕುಗಳು ಬಂದವು. ಅವು ಕಡಿಮೆ ಪೆಟ್ರೋಲ್ ಕುಡಿದು ಹೆಚ್ಚು ದೂರ ಓಡುತ್ತಿದ್ದವು. ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದವು. ಯೆಜ್ಡಿಯದ್ದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನ ಜತೆಗೇ ಆಯಿಲ್ ಬೆರೆಸಿ ಹಾಕಬೇಕು, ಅದು ಪೆಟ್ರೋಲಿನೊಡನೆಯೇ ಸುಟ್ಟು ನೀಲಿ ಹೊಗೆಯಾಗಿ ಎರಡು ಸೈಲೆನ್ಸರುಗಳಿಂದ ಹೊರಬರುತ್ತದೆ. ಆ ಹೊಗೆಯ ವಾಸನೆ ನನಗೆ ಬಾಲ್ಯದ ವಾಸನೆ. ಹಿಂದೆ ಬರುವವರಿಗೆ ಅದು ಬರೀ ಹೊಗೆ.

ಇಪ್ಪತ್ತೆರಡು ವರ್ಷಗಳ ನಂತರ, 2018ರ ನವೆಂಬರಿನಲ್ಲಿ, ಮಹೀಂದ್ರದ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ ಜಾವಾವನ್ನು ಮರಳಿ ತಂತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಹಳೆಯ ಇರಾನಿ ಕುಟುಂಬದವರೊಬ್ಬರು ಈ ಕಂಪನಿಯಲ್ಲೂ ಇದ್ದಾರೆ. ಆದರೆ ಬೈಕುಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸ ಯೆಜ್ಡಿ ರೋಡ್‌ಸ್ಟರ್‌ನದ್ದು 334 ಸಿಸಿಯ, ದ್ರವದಿಂದ ತಂಪಾಗುವ ಫೋರ್-ಸ್ಟ್ರೋಕ್ ಎಂಜಿನ್. ಆರು ಗೇರು, ಎಬಿಎಸ್ ಬ್ರೇಕು. ಹಳೆಯದರ ನೆನಪಿಗೆ ಎರಡು ಸೈಲೆನ್ಸರ್ ಇಟ್ಟಿದ್ದಾರೆ. ಯೆಜ್ಡಿ ಎಂಬ ಹೆಸರು ಯಾರ ಸೊತ್ತು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು.

ಇಂಥ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಪೋರ್ಷೆ 911 ಎಂಬ ಪ್ರಸಿದ್ಧ ಕಾರು 1960ರ ದಶಕದಿಂದ ಗಾಳಿಯಿಂದಲೇ ತಂಪಾಗುವ ಎಂಜಿನ್ ಹೊತ್ತು ಬಂದು, 1990ರ ದಶಕದ ಕೊನೆಗೆ ನೀರಿನಿಂದ ತಂಪಾಗುವ ಎಂಜಿನ್ನಿಗೆ ಬದಲಾಯಿತು. ಅದಕ್ಕೆ ಮುಂಚಿನದೇ ನಿಜವಾದ 911 ಎನ್ನುವವರೂ ಆಮೇಲಿನದೇ ಉತ್ತಮ ಕಾರು ಎನ್ನುವವರೂ ಇವತ್ತಿಗೂ ವಾದಿಸುತ್ತಾರೆ. ಆ ಕಾರನ್ನು ನಾನು ಕಣ್ಣಾರೆ ನೋಡಿಲ್ಲ, ಆದರೆ ಆ ವಾದ ನನಗೆ ಚೆನ್ನಾಗಿ ಗೊತ್ತು. ಗ್ರಂಥಸಂಪಾದನೆಯ ತರಗತಿಯಲ್ಲಿ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಹಳೆಯ ಪ್ರತಿ ಎಂದ ಮಾತ್ರಕ್ಕೆ ಅದರ ಪಾಠ ಶುದ್ಧವೆಂದು ನಂಬಬಾರದು ಎಂಬುದು. ಹಳೆಯ ಓಲೆಗರಿಯ ಲಿಪಿಕಾರ ನಿದ್ದೆಗಣ್ಣಿನಲ್ಲಿ ಸಾಲು ಬಿಟ್ಟಿರಬಹುದು. ನಿನ್ನೆ ಮೊನ್ನೆ ಕಾಗದದ ಮೇಲೆ ಬರೆದವನ ಮುಂದೆ ಇನ್ನೂ ಒಳ್ಳೆಯ ಮೂಲವೊಂದು ಇದ್ದಿರಬಹುದು. ಹೀಗೆ ಯೋಚಿಸಿ ನಾನು ಹೊಸ ಯೆಜ್ಡಿಯ ಪರವಾಗಿ ಒಂದು ಸುಂದರ ವಾದವನ್ನು ಸಿದ್ಧಪಡಿಸಿಕೊಂಡೆ. ನಮ್ಮ ಹಳೆಯದ್ದಾದರೂ ಮೂಲ ಹೇಗಾಯಿತು? ಅದರ ಪಿಸ್ಟನ್ ಬದಲಾಗಿದೆ, ಕಾರ್ಬ್ಯುರೇಟರ್ ಬೇರೆ ಗಾಡಿಯದ್ದು, ಸೀಟು ಸುಳ್ಯದಲ್ಲಿ ಹೊಲಿಸಿದ್ದು, ಬಣ್ಣ ಮೂರನೆಯದ್ದು. ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಉಳಿದಿದ್ದರೆ ಸರಕಾರವೇ ಅದಕ್ಕೆ 'ವಿಂಟೇಜ್' ಎಂಬ ಗೌರವ ಕೊಡುತ್ತದೆ. ನಮ್ಮದಕ್ಕೆ ಮೂವತ್ತೈದು. ಪುರಾತನವೂ ಅಲ್ಲದ, ಹೊಸದೂ ಅಲ್ಲದ ಮಧ್ಯವಯಸ್ಸು.

ಮೈಸೂರಿನಲ್ಲಿ ಹೊಸ ಯೆಜ್ಡಿಯನ್ನು ಓಡಿಸಿಯೂ ನೋಡಿದೆ. ಇಲ್ಲಿ ಸುಳ್ಳು ಹೇಳಬಾರದು. ನನಗೆ ತುಂಬಾ ಇಷ್ಟವಾಯಿತು. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಎಂಜಿನ್ ಶುರು. ಹೊರವರ್ತುಲ ರಸ್ತೆಯಲ್ಲಿ ಅದು ಯಾವ ಆಯಾಸವೂ ಇಲ್ಲದೆ ಓಡಿತು. ಆಗಷ್ಟೇ ಮಳೆ ಬಂದು ನಿಂತಿದ್ದ ರಸ್ತೆಯಲ್ಲಿ ಬೇಕೆಂದೇ ಜೋರಾಗಿ ಬ್ರೇಕ್ ಹಿಡಿದೆ, ಗಾಡಿ ಜಾರದೆ ನಿಂತಿತು. ನಮ್ಮ ಹಳೆಯದರ ಡ್ರಮ್ ಬ್ರೇಕು ನೀರು ಹೊಕ್ಕಿತೆಂದರೆ ನಿಲ್ಲುವ ಬಗ್ಗೆ ಸ್ವಲ್ಪ ಹೊತ್ತು ಯೋಚಿಸುತ್ತದೆ. ಜಾಲ್ಸೂರಿನಿಂದ ಮೈಸೂರಿಗೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಕುಶಾಲನಗರ, ಹುಣಸೂರು ದಾಟಿ ಬರಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮುಚ್ಚಿದ್ದ ಆ ಘಾಟಿಯಲ್ಲಿ ಮಳೆಗಾಲದಲ್ಲಿ ಯಾವ ಬೈಕಿನಲ್ಲಿ ಬರುತ್ತೀ ಎಂದು ಕೇಳಿದರೆ ಭಾವುಕತೆಗೆ ಜಾಗವಿಲ್ಲ. ಹೊಸದು ಹೆಚ್ಚು ಸುರಕ್ಷಿತ.

ಆದರೂ ಹಳೆಯದನ್ನು ಮಾರುವ ಮಾತು ಗಂಟಲಿನಿಂದ ಹೊರಬರುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅದೇ ಯೆಜ್ಡಿಯಲ್ಲಿ ಅಪ್ಪ ನನಗೆ ಬೈಕ್ ಕಲಿಸಿದ್ದರು. ಹೆಣ್ಣುಮಗಳಿಗೆ ಯೆಜ್ಡಿ ಯಾಕೆ ಎಂದು ನೆಂಟರು ಕೇಳಿದಾಗ, "ಅವಳ ಎಡಗಾಲಿಗೆ ಎಂತ ಆಗಿದೆ?" ಎಂದು ತಿರುಗಿ ಕೇಳಿದ್ದರು. ಡಿಗ್ರಿಯಲ್ಲಿದ್ದಾಗ ನಾನು ಕಾಲೇಜಿನ ಸಂಚಿಕೆಗೆ 'ಯೆಜ್ಡಿ ಗೌಡ್ರು' ಎಂಬ ಪ್ರಬಂಧ ಬರೆದೆ. ಅದಕ್ಕೆ ಬಹುಮಾನವೂ ಬಂತು. ಆ ಪುಟವನ್ನು ಅಪ್ಪ ಲ್ಯಾಮಿನೇಟ್ ಮಾಡಿಸಿ ಚಾವಡಿಯ ಗೋಡೆಗೆ ತೂಗುಹಾಕಿದ್ದಾರೆ. ಪ್ರತಿ ಸಲ ಫೋನಿನಲ್ಲಿ, "ಬೈಕ್ ಸ್ಟಾರ್ಟ್ ಮಾಡ್ತಾ ಇದ್ದೀರಾ?" ಎಂದು ಕೇಳುತ್ತಿದ್ದೆ. "ವಾರಕ್ಕೊಂದು ಸಲ ಮಾಡ್ತೇನೆ ಮಗಾ" ಎನ್ನುತ್ತಿದ್ದರು.

ಜೂನ್ ಎರಡನೆಯ ವಾರ ಊರಿಗೆ ಹೋದೆ. ಮಳೆ ಹಿಡಿದಿತ್ತು. ಕೊಟ್ಟಿಗೆಯಲ್ಲಿ ರಬ್ಬರ್ ಶೀಟುಗಳ ಕೆಳಗೆ ಟಾರ್ಪಾಲು ಹೊದ್ದು ಯೆಜ್ಡಿ ನಿಂತಿತ್ತು. ಟಾರ್ಪಾಲು ತೆಗೆದೆ. ಎಡಬದಿಯ ಸೈಲೆನ್ಸರಿನ ಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ಒಂದು ವಾರದ ಗೂಡಲ್ಲ ಅದು. ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲಿನ ಬದಲು ವಾರ್ನಿಷಿನಂಥ ವಾಸನೆ.

ಅಮ್ಮ ಹಾಲಿನ ಕ್ಯಾನು ಹಿಡಿದು ಅಂಗಳ ಇಳಿಯುತ್ತಿದ್ದಳು. "ನೀನು ಯಾಕೆ? ಅಪ್ಪ ಎಲ್ಲಿ?" ಎಂದೆ. "ಒಂದು ವರ್ಷದಿಂದ ನಾನೇ ಹೋಗುದಲ್ಲವಾ" ಎಂದಳು, ನನಗೆ ಗೊತ್ತೇ ಇದೆ ಎಂಬಂತೆ.

ನನಗೆ ಗೊತ್ತಿರಲಿಲ್ಲ. ಅಪ್ಪನ ಎಡ ಮಂಡಿ ಸವೆದಿತ್ತು. ನೋವು ಇದೆ ಎಂದು ತಿಳಿದಿತ್ತು, ಎಣ್ಣೆ ಹಚ್ಚುತ್ತಾರೆ ಎಂದೂ ತಿಳಿದಿತ್ತು. ಎಡಗಾಲಿನಿಂದ ಒದೆಯಲಾಗದವನಿಗೆ ಯೆಜ್ಡಿ ಎಂದರೆ ಬೀಗ ಹಾಕಿದ ಬಾಗಿಲು ಎಂಬುದು ಹೊಳೆದಿರಲಿಲ್ಲ. ಪೇಟೆಗೆ ಹೋಗಬೇಕಾದರೆ ಆಟೊ ಕರೆಯಬೇಕು. ಆಟೊದವರು ನಮ್ಮ ಏರಿಗೆ ಮಳೆಗಾಲದಲ್ಲಿ ಬರಲು ಹಿಂಜರಿಯುತ್ತಾರೆ. ಹಾಗಾಗಿ ಅಪ್ಪ ಹೋಗುವುದನ್ನೇ ಬಿಟ್ಟಿದ್ದರು. ಅಡಿಕೆಯ ಧಾರಣೆಯನ್ನು ಫೋನಿನಲ್ಲಿ ಕೇಳುತ್ತಿದ್ದರು, ಸಂಜೆ ಜಂಕ್ಷನ್ನಿನ ಅಂಗಡಿಯ ಮುಂದೆ ಕೂತು ಮಾತಾಡುವುದು ನಿಂತಿತ್ತು. ಮೈಸೂರಿನಲ್ಲಿ ಕೂತು ನಾನು ಹಳೆಯದೋ ಹೊಸದೋ ಎಂದು ತೂಗುತ್ತಿದ್ದಾಗ, ಇಲ್ಲಿ ಒಬ್ಬ ಮನುಷ್ಯ ಒಂದು ವರ್ಷದಿಂದ ತೋಟ ಬಿಟ್ಟು ಹೊರಗೆ ಹೋಗಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ, ಸಿದ್ಧಪಡಿಸಿದ್ದ ವಾದವನ್ನೆಲ್ಲ ಬಿಟ್ಟು ನೇರವಾಗಿ ಹೇಳಿದೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಅದನ್ನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

"ಹೊಸ ಯೆಜ್ಡಿ ತೆಗೆಯುವಾ ಅಪ್ಪ. ಸೆಲ್ಫ್ ಸ್ಟಾರ್ಟ್ ಉಂಟು. ನೀವೂ ಓಡಿಸಬಹುದು."

"ತೂಕ ಎಷ್ಟು?" ಎಂದರು.

"180 ಕಿಲೋ ಮೇಲೆ."

"ಈ ಜಾರುವ ಏರಿನಲ್ಲಿ ಅಷ್ಟು ಭಾರದ್ದು ವಾಲಿದರೆ ಯಾವ ಕಾಲು ಊರುವುದು?"

ನಾನು ಸುಮ್ಮನಾದೆ. ಅಪ್ಪ ಮಜ್ಜಿಗೆ ಸುರಿದುಕೊಂಡು ಎದ್ದು ಹೋದರು. ಪಾತ್ರೆ ತೊಳೆಯುವಾಗ ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ಅವರಿಗೆ ಒಂದು ಸ್ಕೂಟರ್ ಸಾಕು ಮಾರಾಯ್ತಿ. ಆಚೆಮನೆಯವರದ್ದನ್ನು ಎರಡು ಸಲ ಅಂಗಳದಲ್ಲಿ ಓಡಿಸಿ ನೋಡಿದ್ದಾರೆ. ನಿನ್ನ ಹತ್ತಿರ ಹೇಳಲಿಕ್ಕೆ ಅವರಿಗೆ ನಾಚಿಕೆ. ನೀನು ಗೋಡೆ ಮೇಲೆ ಬರೆದು ಹಾಕಿದ್ದೀಯಲ್ಲ."

ಚಾವಡಿಗೆ ಹೋಗಿ ಆ ಲ್ಯಾಮಿನೇಟ್ ಮಾಡಿದ ಪುಟವನ್ನು ಬಹಳ ಹೊತ್ತು ನೋಡಿದೆ. ಅದರಲ್ಲಿ ಅಪ್ಪ ಕೊಡೆ ಹಿಡಿದುಕೊಂಡು ಯೆಜ್ಡಿಯಲ್ಲಿ ಹೋಗುತ್ತಾ ಇದ್ದಾರೆ, ಇಳಿಯುವುದೇ ಇಲ್ಲ. ಇಪ್ಪತ್ತರ ಹುಡುಗಿಯ ಪ್ರೀತಿ ಅದರಲ್ಲಿದೆ, ತಪ್ಪೇನಿಲ್ಲ. ಆದರೆ ಆಯಿಲ್ ಅಳೆದು ಪೆಟ್ರೋಲಿಗೆ ಬೆರೆಸುವುದು, ಪ್ಲಗ್ ಕಳಚಿ ಉಜ್ಜುವುದು, ಮಳೆಗಾಲದ ಬೆಳಿಗ್ಗೆ ಹತ್ತು ಸಲ ಒದ್ದರೂ ಹತ್ತದ ಎಂಜಿನ್ನಿನ ಮುಂದೆ ಬೆವರುವುದು ಒಂದೂ ಆ ಪ್ರಬಂಧದಲ್ಲಿಲ್ಲ. ಹಳೆಯ ಬೈಕಿನ ಮೇಲೆ ನನಗಿದ್ದ ಮೋಹ ಅಪ್ಪನ ದುಡಿಮೆಯ ಮೇಲೆ ನಿಂತಿತ್ತು. ಅದನ್ನು ಉಳಿಸಿಕೊಳ್ಳಬೇಕು ಎಂದು ನಾನು ಹೇಳುವಾಗ, ಯಾರ ಮಂಡಿಯ ಖರ್ಚಿನಲ್ಲಿ ಎಂದು ಕೇಳಿಕೊಂಡಿರಲಿಲ್ಲ. ಪ್ರತಿ ಜುಲೈ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುತ್ತಾರೆ. ಒಂದು ವರ್ಷ ನಾನೂ ನೋಡಲು ಹೋಗಿದ್ದೆ. ಕನ್ನಡಿಯಂತೆ ಹೊಳೆಯುವ ಸಾಲು ಸಾಲು ಬೈಕುಗಳು, ಅವುಗಳ ಒಡೆಯರ ಮುಖದಲ್ಲೂ ಅದೇ ಹೊಳಪು. ಒಂದರಲ್ಲೂ ಹಾಲಿನ ಕ್ಯಾನು ತೂಗುಹಾಕುವ ಕೊಕ್ಕೆ ಇರಲಿಲ್ಲ. ನಮ್ಮ ಯೆಜ್ಡಿಯಲ್ಲಿ ಅದು ಇನ್ನೂ ಇದೆ, ತುಕ್ಕು ಹಿಡಿದು.

ಮರುದಿನ ಮುಳ್ಳೇರಿಯ ಕಡೆಯ ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಅಪ್ಪನಿಗಿಂತ ಎರಡು ವರ್ಷ ದೊಡ್ಡವರು, ನಾವೆಲ್ಲ ಅವರನ್ನು ಇಚ್ಚ ಎಂದು ಕರೆಯುತ್ತೇವೆ. ಗಡಿ ದಾಟಿ ಅವರು ಬಂದದ್ದು ಹೊಸ ಸ್ಕೂಟರಿನಲ್ಲಿ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, "ದಿನ ಇಡೀ ಬೇರೆಯವರ ಯೆಜ್ಡಿ ಒದ್ದ ಮೇಲೆ ಮನೆಗೆ ಹೋಗಲಿಕ್ಕೂ ಒದೆಯಬೇಕಾ?" ಎಂದು ನಕ್ಕರು.

ಮೂರು ದಿನ ಕೆಲಸ ನಡೆಯಿತು. ಅವರ ಕೈಯಲ್ಲಿ ಮಾಡಿಸಿಕೊಳ್ಳುವ ಬದಲು ನನಗೆ ಕಲಿಸಿ ಎಂದೆ. ಸೈಲೆನ್ಸರ್ ಬಿಚ್ಚಿ ಒಳಗಿನ ಕರಿಯನ್ನು ಕೆರೆದು ತೆಗೆದೆ. ಟ್ಯಾಂಕ್ ತೊಳೆದೆ. ಕಾರ್ಬ್ಯುರೇಟರಿನ ಜೆಟ್ಟಿನ ಕೂದಲಿನಷ್ಟು ತೂತಿನಲ್ಲಿ ಹಳೆಯ ಪೆಟ್ರೋಲ್ ಅಂಟಾಗಿ ಕೂತಿತ್ತು. ಪ್ಲಗ್ಗಿಗೆ ಕಿಡಿ ಯಾವಾಗ ಹೋಗಬೇಕೆಂದು ನಿರ್ಧರಿಸುವುದು ಪಾಯಿಂಟ್ ಎಂಬ ಪುಟ್ಟ ಜೋಡಿ. ಅದರ ಮುಖವನ್ನು ಅರದಿಂದ ನಯವಾಗಿ ಉಜ್ಜಿ, ನಡುವಿನ ಅಂತರವನ್ನು ಗೇಜಿನಿಂದ ಅಳೆದು ಕೂರಿಸಬೇಕು. ನಾನು ನಾಲ್ಕು ಸಲ ತಪ್ಪಿದೆ. "ಇದು ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ನಿಮಗೆ ಹೇಳುತ್ತದೆ, ಹೊಸದು ಕೆಟ್ಟರೆ ಲ್ಯಾಪ್‌ಟಾಪಿಗೆ ಹೇಳುತ್ತದೆ," ಎಂದರು ಇಚ್ಚ. "ಆದರೆ ಹೊಸದು ಅಷ್ಟು ಸಲ ಕೆಡುವುದೂ ಇಲ್ಲ," ಎಂದು ತಾವೇ ಸೇರಿಸಿದರು. ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು. ಮೊದಲ ದಿನ ಏನೂ ಮಾತಾಡಲಿಲ್ಲ. ಎರಡನೆಯ ದಿನ, "ಆ ಬೋಲ್ಟು ಅಷ್ಟು ಬಿಗಿ ಮಾಡಬೇಡ" ಎಂದರು. ಮೂರನೆಯ ದಿನ ಅವರದೂ ಇಚ್ಚನದೂ ವಾದ ಶುರುವಾಯಿತು, ಲೀಟರ್ ಪೆಟ್ರೋಲಿಗೆ ಮೂವತ್ತು ಮಿ.ಲೀ. ಆಯಿಲ್ಲೋ ನಲವತ್ತೋ ಎಂದು.

ಹನ್ನೊಂದನೆಯ ಒದೆತಕ್ಕೆ ಎಂಜಿನ್ ಹೊತ್ತಿಕೊಂಡಿತು. ಕೊಟ್ಟಿಗೆಯ ತುಂಬ ನೀಲಿ ಹೊಗೆ. ಅಮ್ಮ ಕೆಮ್ಮುತ್ತಾ ಹೊರಗೆ ಓಡಿದಳು.

ಹೊಸ ಯೆಜ್ಡಿ ತೆಗೆಯಲಿಲ್ಲ. ಬೆಂಗಳೂರಿನವರಿಗೆ ಕ್ಷಮಿಸಿ ಎಂದು ತಿಳಿಸಿದೆ. ರಿಪೇರಿಗೆ, ಎರಡು ಟಯರಿಗೆ, ಒಂದು ಬ್ಯಾಟರಿಗೆ ಹದಿನೆಂಟು ಸಾವಿರ ಹೋಯಿತು. ಸುಳ್ಯದಲ್ಲಿ ನಾಲ್ಕು ವರ್ಷ ಓಡಿದ ಒಂದು ಸ್ಕೂಟರ್ ಐವತ್ತೆರಡು ಸಾವಿರಕ್ಕೆ ಸಿಕ್ಕಿತು. ಬೂದು ಬಣ್ಣ, ಗುಂಡಿ ಒತ್ತಿದರೆ ಶುರು, ಎರಡು ಕಾಲೂ ನೆಲಕ್ಕೆ ತಾಗುತ್ತವೆ, ಕಾಲಿಡುವ ಜಾಗದಲ್ಲಿ ಹಾಲಿನ ಕ್ಯಾನು ಸರಿಯಾಗಿ ಕೂರುತ್ತದೆ. ಮನೆಯ ಮುಂದೆ ತಂದು ನಿಲ್ಲಿಸಿ ಕೀಲಿ ಕೊಟ್ಟಾಗ ಅಪ್ಪ, "ಇದೆಲ್ಲ ಯಾಕೆ" ಎಂದರು. ಸಂಜೆ ಐದೂವರೆಗೆ ನೋಡಿದರೆ ಸ್ಕೂಟರೂ ಇಲ್ಲ, ಅಪ್ಪನೂ ಇಲ್ಲ. ಏಳು ಗಂಟೆಗೆ ವಾಪಸಾದರು. ಕೈಯಲ್ಲಿ ಒಂದು ಪೊಟ್ಟಣ ನೆಲಗಡಲೆ. ಜಂಕ್ಷನ್ನಿನಲ್ಲಿ ಯಾರು ಯಾರು ಸಿಕ್ಕರು, ಅಡಿಕೆಗೆ ಎಷ್ಟಾಗಿದೆ, ಯಾರ ತೋಟಕ್ಕೆ ಹಳದಿ ಎಲೆ ರೋಗ ಬಂದಿದೆ ಎಂದು ಊಟ ಮುಗಿಯುವವರೆಗೂ ಹೇಳಿದರು. ಸ್ಕೂಟರಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಾನು ಈಗಲೂ ಮೈಸೂರಿಗೆ ಬಸ್ಸಿನಲ್ಲೇ ಹೋಗಿಬರುತ್ತೇನೆ. ಹಳೆಯ ಯೆಜ್ಡಿಯನ್ನು ಘಾಟಿಗೆ ಒಯ್ಯುವ ಧೈರ್ಯ ನನಗಿಲ್ಲ, ಹೊಸದರ ಆಸೆ ಪೂರ್ತಿ ಹೋಗಿಯೂ ಇಲ್ಲ. ಹೊರವರ್ತುಲ ರಸ್ತೆಯಲ್ಲಿ ಅದು ಹಾದುಹೋದರೆ ತಿರುಗಿ ನೋಡುತ್ತೇನೆ. ಊರಿಗೆ ಹೋದಾಗ ಹಳೆಯದನ್ನು ನಾನೇ ಒದೆಯಬೇಕು, ನಾನೇ ಉಜ್ಜಬೇಕು ಎಂಬುದು ಒಪ್ಪಂದ. ನಾನು ಒಂದು ತಿಂಗಳು ಬಾರದಿದ್ದರೆ ಅದು ಒಂದು ತಿಂಗಳು ಸುಮ್ಮನೆ ನಿಲ್ಲುತ್ತದೆ. ಫೋನಿನಲ್ಲಿ ಅದರ ಬಗ್ಗೆ ಕೇಳುವುದನ್ನು ಬಿಟ್ಟಿದ್ದೇನೆ.

ಆಗಸ್ಟಿನಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ನೋಂದಣಿಯ ತಪಾಸಣೆಗೆ ಪುತ್ತೂರಿಗೆ ಹೊರಟೆವು. ಯೆಜ್ಡಿಯಲ್ಲಿ ನಾನು, ದಾರಿಯಲ್ಲಿ ಕೈಕೊಟ್ಟರೆ ಇರಲಿ ಎಂದು ಹಿಂದಿನಿಂದ ಸ್ಕೂಟರಿನಲ್ಲಿ ಅಪ್ಪ. ಕನಕಮಜಲಿನವರೆಗೆ ಕನ್ನಡಿಯಲ್ಲಿ ಅವರು ಕಾಣುತ್ತಿದ್ದರು. ನನ್ನ ನೀಲಿ ಹೊಗೆಯ ಹಿಂದೆ, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು, ಒಮ್ಮೆ ಮೂಗಿಗೆ ಕೈ ಅಡ್ಡ ಹಿಡಿದುಕೊಂಡು. ಒಂದು ನೇರ ರಸ್ತೆ ಸಿಕ್ಕಿದಾಗ ಹಾರ್ನ್ ಹೊಡೆದರು. ಬೈಕಿಗೆ ಏನೋ ಆಯಿತೆಂದು ನಾನು ನಿಧಾನ ಮಾಡಿ ಬದಿಗೆ ಸರಿದೆ.

ಅವರು ಓವರ್‌ಟೇಕ್ ಮಾಡಿ ಮುಂದೆ ಹೋದರು.